ಮೊದಲ ವರ್ಷದಲ್ಲೇ ನಮ್ಮ ಮಕ್ಕಳನ್ನು ಗುಟ್ಕಾದಿಂದ ಕಾಯೋಣ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ತಂದೆ-ತಾಯಂದಿರೇ, ಉಪನ್ಯಾಸಕರೇ, ಅಂಗಡಿಕಾರರೇ,

ಹೈಸ್ಕೂಲು ಮುಗಿಯುವ ತನಕ ಮಕ್ಕಳು ಊರವರ ಕಣ್ಣೆದುರೇ ಇರುತ್ತಾರೆ. ಬೇರೆ ಊರಿನ ಪದವಿ ಕಾಲೇಜು ಸೇರಿದರೆ ನಸುಕಿನಲ್ಲೇ ಮನೆ ಬಿಡಬೇಕು. ಚಿಂಚೋಳಿಯವರಿಗೆ ಬಸ್ಸೇ ಗತಿ, ಉಳಿದವರಿಗೆ ರೈಲೂ ಉಂಟು. ರಾತ್ರಿಯೆಲ್ಲ ಮೊಬೈಲ್ ನೋಡಿ ಮಲಗಿದ ಹುಡುಗ ಮುಂಜಾನೆ ರೊಟ್ಟಿ ಮುಟ್ಟದೆ ಓಡುತ್ತಾನೆ. ತರಗತಿಗೆ ಮುಂಚೆ ಒಂದು ಚಹಾ, ಅದರ ಹಿಂದೆ ಹೊಸ ಗೆಳೆಯ ಕೊಟ್ಟ ಒಂದು ಪಾಕೀಟು. ಹಸಿವೂ ಅಡಗಿತು, ನಿದ್ದೆಯೂ ಹಾರಿತು. ಚಟ ಹತ್ತುವುದು ಹೀಗೆ.

ದೇಶದಲ್ಲಿ ತಂಬಾಕು ಶುರುಮಾಡುವವರ ಸರಾಸರಿ ವಯಸ್ಸು 18.9 ಎಂದು 2016-17ರ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಪದವಿಯ ಮೊದಲ ವರ್ಷದ ವಯಸ್ಸೇ ಅದು. ಕೊನೆಯ ವರ್ಷದಲ್ಲಿ ಭಾಷಣ ಏರ್ಪಡಿಸಿ ಏನು ಫಲ? ಸೇರಿದ ಮೊದಲ ತಿಂಗಳಲ್ಲೇ ಕಾಯಬೇಕು.

ಗುಟ್ಕಾ ಬಂದ್ ಆಗಿದೆಯಲ್ಲ ಎನ್ನುವವರಿದ್ದಾರೆ. 2013ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿದ್ದು ನಿಜ. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು. ಅಂಗೈಯಲ್ಲಿ ಕೂಡಿಸಿದರೆ ಅದೇ ಗುಟ್ಕಾ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 2004ರ ವರದಿಯಲ್ಲೇ ಹೇಳಿದೆ. ಜಗಿದು ಜಗಿದು ಕೆನ್ನೆಯ ಒಳಪದರ ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ. ಬರಬರುತ್ತ ಬಾಯಿಯೇ ತೆರೆಯದು, ರೊಟ್ಟಿಯ ತುತ್ತು ಒಳಗೆ ಹೋಗದು. ಆಮೇಲೆ ಚಟ ಬಿಟ್ಟರೂ ಆ ಬಾಯಿ ಪೂರ್ತಿ ಮೊದಲಿನಂತಾಗುವುದು ಕಷ್ಟ. ಇಪ್ಪತ್ತರ ಹುಡುಗರಿಗೆ ಈ ಗತಿ ಬರಬೇಕೆ?

ಕಾನೂನು ನಮ್ಮ ಕಡೆ ಇದೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ. ಪ್ರಾಂಶುಪಾಲರು, ಪುರಸಭೆಯವರು, ಪೊಲೀಸರು ಕೂಡಿ ಕಾಂಪೌಂಡ್ ಗೋಡೆಯಿಂದ ಟೇಪು ಹಿಡಿದು ಅಳೆಯಲಿ. ಅಂಗಡಿಕಾರರ ಹೊಟ್ಟೆಯ ಮೇಲೆ ಹೊಡೆಯಬೇಕೆಂದಲ್ಲ. ಅದೇ ಡಬ್ಬಿ ಅಂಗಡಿಯಲ್ಲಿ ಸುಸಲಾ, ಶೇಂಗಾ, ಬಾಳೆಹಣ್ಣು ಇಡಿ; ಹಸಿದು ಬಂದ ಮಕ್ಕಳು ಕೊಳ್ಳುತ್ತಾರೆ.

ಮಗ ಸಿಕ್ಕಿಬಿದ್ದನೆಂದು ಹೊಡೆದು, ಕಾಲೇಜು ಬಿಡಿಸಿ, ಫರಸಿ ಗಣಿಗೆ ದೂಡಬೇಡಿ. ಅಲ್ಲಿ ತಂಬಾಕಿನ ಜೊತೆ ಕಲ್ಲಿನ ದೂಳೂ ಸೇರುತ್ತದೆ. ಹಿರಿಯರೇ, ಮೊಮ್ಮಕ್ಕಳನ್ನು ಅಂಗಡಿಗೆ ಕಳಿಸಿ ನಿಮ್ಮ ಚಂಚಿ ತುಂಬಿಸಿಕೊಳ್ಳುವುದನ್ನು ಇಂದೇ ನಿಲ್ಲಿಸಿ.

ಮೊದಲ ವರ್ಷದ ವಿದ್ಯಾರ್ಥಿಗಳೇ, ಬಾಯಲ್ಲಿ ಬಿಳಿ ಕಲೆ, ಉರಿ, ಬಿಗಿತ ಕಂಡರೆ ತಡಮಾಡದೆ ಸರ್ಕಾರಿ ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ತಂಬಾಕು ಬಿಡಲು ನೆರವು ಬೇಕಾದರೆ 1800-11-2356. ಮನಸ್ಸಿಗೆ ದುಗುಡವಿದ್ದರೆ 14416. ಎರಡೂ ಉಚಿತ ಕರೆ.