ಗಡಿ ಈಗ ನಡುಮನೆಯಲ್ಲಿದೆ!

ನಿಪ್ಪಾಣಿ ಸೀಮೆಯ ಅಕ್ಕೋಳ 1956ರಲ್ಲಿ ಮುಂಬಯಿ ರಾಜ್ಯದಿಂದ ನಮ್ಮ ನಾಡಿಗೆ ಬಂದ ಗಡಿ ಊರು. ಅಲ್ಲಿನ ಮಗುವಿನ ಕಿವಿಗೆ ಕನ್ನಡವೂ ಬೀಳುತ್ತದೆ, ಮರಾಠಿಯೂ ಬೀಳುತ್ತದೆ. ಎರಡೂ ಬರಲಿ, ಬೇಡವೆಂದವರಾರು? ಆದರೆ ಮಾತು ತಾನಾಗಿ ಬರುತ್ತದೆ, ಓದು ಬರುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಕಲಿಸಬೇಕು.

ನಗರದ ಕನ್ನಡ ಯುವಕರೇ, ಯುವತಿಯರೇ, ನಿಮ್ಮ ಮನೆಯ ಕತೆಯೇನು? ಎಲ್‌ಕೆಜಿಗೆ ಹೋಗುವ ಅಕ್ಕನ ಮಗಳು 'ಎ ಫಾರ್ ಆಪಲ್' ಎಂದು ಪಟಪಟನೆ ಹೇಳುತ್ತಾಳೆ. 'ಅ' ತೋರಿಸಿದರೆ ಪಿಳಿಪಿಳಿ ನೋಡುತ್ತಾಳೆ! ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ನಿಜ. ಮನೆಯಲ್ಲಿ ಕನ್ನಡ ಕಲಿಸಬೇಡಿ ಎಂದು ಯಾವ ಕೋರ್ಟೂ ಹೇಳಿಲ್ಲ.

ಅಕ್ಕೋಳವಾಗಲಿ, ಬೆಂಗಳೂರಾಗಲಿ, ದಿನಕ್ಕೆ ಹತ್ತು ನಿಮಿಷ ಸಾಕು. 49 ಅಕ್ಷರ ಬಾಯಿಪಾಠ ಮಾಡಿಸಿ ಮಗುವನ್ನು ಹೆದರಿಸಬೇಡಿ. ರ, ಗ, ಸ, ದ, ಅ ಈ ಐದರಿಂದ ಶುರುಮಾಡಿ. ಮೊದಲು ಸದ್ದು, ಆಮೇಲೆ ರೂಪ. ಸರ, ಅರಸ, ಅಗಸ, ಗರಗಸ ಎಲ್ಲ ಅಷ್ಟರಲ್ಲೇ ಸಿಗುತ್ತವೆ. ದೇವನಾಗರಿ ಬಲ್ಲ ಮಗುವಿಗೆ ಸದ್ದು ಗೊತ್ತೇ ಇದೆ, ರೂಪವಷ್ಟೇ ಹೊಸದು. ಆಟವಾಡುತ್ತ ಕಲಿಸಬಹುದೆಂದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ-ಕಲಿ' ತೋರಿಸಿಕೊಟ್ಟಿದೆ. ರಾತ್ರಿ ಒಂದು ಕತೆ ಓದಿ, ಸಾಲಿನ ಕೆಳಗೆ ಬೆರಳಾಡಿಸಿ. ತಪ್ಪಿದರೆ ಗದರಬೇಡಿ. ಬರೆಸುವ ಆತುರವೂ ಬೇಡ.

ನವೆಂಬರ್ ಒಂದರಂದು ಬಾವುಟ ಕಟ್ಟಿ, ಜೈಕಾರ ಕೂಗಿ. ಆದರೆ ನೀವು ಕಟ್ಟಿದ ಬ್ಯಾನರನ್ನು ನಿಮ್ಮ ಮನೆಯ ಮಗುವೇ ಓದಲಾರದಿದ್ದರೆ, ಆ ಕೂಗು ಯಾರಿಗಾಗಿ?