ಬೀರುವಿಗೆ ಬೀಗ, ಮಕ್ಕಳಿಗೆ ಬಾಯಿಪಾಠ

ಅಗರ, ಯಳಂದೂರು, ಕೊಳ್ಳೇಗಾಲ, ಹನೂರು—ಎಲ್ಲಿಯ ಕಾರ್ಮಿಕನನ್ನಾದರೂ ಕೇಳಿ, ಮಗು ಶಾಲೆಗೆ ಹೋಗುತ್ತಿದೆ ಎನ್ನುತ್ತಾನೆ. ಏನು ಓದುತ್ತಿದೆ ಎಂದರೆ ಸುಮ್ಮನಾಗುತ್ತಾನೆ. ಪಾಠವನ್ನು ಹತ್ತು ಸಲ ಕೂಗಿ ಹೇಳಿಸಿದರೆ ಅದು ಬಾಯಿಪಾಠ, ಓದಲ್ಲ. ಹಿಂದೆ ಕಂಡಿರದ ಕಥೆಪುಸ್ತಕವೊಂದನ್ನು ಕೈಗಿಟ್ಟು ನೋಡಿ, ಮೊದಲ ಸಾಲಿನಲ್ಲೇ ಮಗು ತಡವರಿಸುತ್ತದೆ.

ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅದರಲ್ಲಿ ಪತ್ರಿಕೆಗಳೂ ಕಥೆಪುಸ್ತಕಗಳೂ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳಿದೆ. ಎಷ್ಟೋ ಕಡೆ ಪುಸ್ತಕ ಬಂದಿವೆ, ಬೀರುವಿಗೆ ಬೀಗವೂ ಬಿದ್ದಿದೆ! ಮೇಷ್ಟರನ್ನು ಬೈದು ಫಲವಿಲ್ಲ, ನಾವೂ ಮೇಷ್ಟರಾಗಿದ್ದವರೇ. ಪುಸ್ತಕ ಹರಿದರೆ ಲೆಕ್ಕ ಒಪ್ಪಿಸಬೇಕಾದವರು ಅವರು. ತಪಾಸಣೆಗೆ ಬರುವ ಸಾಹೇಬರಿಗೋ ಪುಸ್ತಕ ಹೊಸದಾಗಿದ್ದಷ್ಟೂ ಸಂತೋಷ. ಸರಕು ಸವೆದೀತೆಂದು ಅಂಗಡಿಗೆ ಬೀಗ ಜಡಿಯುವ ವ್ಯಾಪಾರಿ ನಿಮ್ಮಲ್ಲಿ ಯಾರಾದರೂ ಉಂಟೇ?

ಬೇರೆ ದಾರಿಯಿಲ್ಲ ಎನ್ನುವವರು ಹೆಗ್ಗಡದೇವನಕೋಟೆಯ ಕಡೆ ನೋಡಲಿ. 1995ರಲ್ಲಿ ಅಲ್ಲಿನ ಸರ್ಕಾರಿ ಶಿಕ್ಷಕರೇ ಆಂಧ್ರದ ಋಷಿ ವ್ಯಾಲಿಯ ಕ್ರಮವನ್ನು ಕಂಡುಬಂದು 'ನಲಿ-ಕಲಿ' ಕಟ್ಟಿದರು. ಕಾರ್ಡು, ಹಾಡು, ಕಥೆಗಳಿಂದ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ಕ್ರಮ. ಸರ್ಕಾರ ಅದನ್ನು ನಾಡಿಗೆಲ್ಲ ಹರಡಿತು, ಸರಿ. ಕಾರ್ಡಿನಲ್ಲಿ ಕಲಿತ ಮಗುವಿಗೆ ಮುಂದೆ ಪುಸ್ತಕ ಬೇಡವೆ?

ಓದು ಉಳ್ಳವರ ಸೊತ್ತಲ್ಲ. ಯಳಂದೂರಿನ ಸಂಚಿ ಹೊನ್ನಮ್ಮ ಮೈಸೂರರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. 'ಹದಿಬದೆಯ ಧರ್ಮ' ಬರೆದಳು. ಅವಳ ಸೀಮೆಯ ಕೂಲಿಕಾರನ ಮಗುವಿಗೆ ಪುಸ್ತಕ ಮುಟ್ಟುವ ಹಕ್ಕಿಲ್ಲವೆ?

ಅಗರದ ಬಂಧುಗಳೇ, ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂರುವವರು ತಂದೆತಾಯಿಗಳಾದ ನೀವೇ. ಮುಂದಿನ ಸಭೆಯಲ್ಲಿ ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಕೇಳಿ. ಮಕ್ಕಳು ದಿನಕ್ಕೊಂದು ಪೀರಿಯಡ್ಡು ಬೇಕಾದ ಪುಸ್ತಕ ಓದಲಿ, ಮನೆಗೂ ಒಯ್ಯಲಿ. ಹರಿದ ಪುಸ್ತಕದ ಲೆಕ್ಕವನ್ನು ಮೇಷ್ಟರ ತಲೆಗೆ ಕಟ್ಟಬಾರದೆಂದು ಅಂದೇ ಠರಾವು ಬರೆಸಿ.