ಸಮುದ್ರ ತೀರದಲ್ಲಿ ಸಿಕ್ಕ ಚಕ್ರ

ಮಕ್ಕಳೇ, ಈ ವಾರ ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹೋಗಿ ಬರೋಣ. ಊರಿನ ಹೆಸರು ಲೈಮ್ ರೀಜಿಸ್. ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ಬೆಳಿಗ್ಗೆ ರೈಲು ಹತ್ತಿ, ಆಕ್ಸ್‌ಮಿನ್‌ಸ್ಟರ್‌ನಲ್ಲಿ ಇಳಿದು ಬಸ್ಸು ಹಿಡಿದರೆ ಆಯಿತು. ಬೇಸಿಗೆಯ ದೀರ್ಘ ಹಗಲಿನಲ್ಲಿ ಸಂಜೆಗೆ ಮರಳಬಹುದು.

ಮಗಳ ಮನೆಗೆ ಹೋಗಿದ್ದಾಗ ನಾನು, ನನ್ನಾಕೆ, ಒಂಬತ್ತು ವರ್ಷದ ಮೊಮ್ಮಗಳು ಮೂವರೂ ಹೊರಟೆವು. ತೀರದ ತುಂಬ ಬೂದು ಬಣ್ಣದ ಕಲ್ಲುಗಳು. ಮೊಮ್ಮಗಳು ಒಂದನ್ನು ಎತ್ತಿ, "ಅಜ್ಜೀ, ಕಲ್ಲಿನ ಬಸವನಹುಳು!" ಎಂದು ಕೂಗಿದಳು. ನನ್ನಾಕೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಅಲ್ಲವೇ, ಇದು ನಮ್ಮ ದೇವರ ಮನೆಯ ಸಾಲಿಗ್ರಾಮದಲ್ಲಿರೋ ಚಕ್ರ ಕಣೇ!" ಎಂದಳು.

ಇಬ್ಬರ ಮಾತೂ ದೂರವೇನಲ್ಲ. ಅದು ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಕೋಟ್ಯಂತರ ವರ್ಷಗಳ ಹಿಂದೆ ಕೆಸರಿನಲ್ಲಿ ಹೂತು ಕಲ್ಲಾಗಿದೆ. ನೇಪಾಳದ ಗಂಡಕಿ ನದಿಯ ಸಾಲಿಗ್ರಾಮದಲ್ಲಿರುವ ಚಕ್ರವೂ ಅಮೊನೈಟಿನದೇ. ಇಂದು ಹಿಮಾಲಯ ಇರುವಲ್ಲಿ ಅಂದು ಸಮುದ್ರವಿತ್ತು!

ಇದೇ ಊರಿನಲ್ಲಿ 1799ರಲ್ಲಿ ಮೇರಿ ಆ್ಯನಿಂಗ್ ಹುಟ್ಟಿದಳು. ತಂದೆ ಬಡಗಿ. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಆತ ಸಾಲ ಬಿಟ್ಟು ತೀರಿಕೊಂಡ. ಇಂಥ ಕಲ್ಲುಗಳನ್ನು ಹೆಕ್ಕಿ ಪ್ರವಾಸಿಗರಿಗೆ ಮಾರಿಯೇ ಮನೆ ನಡೆಯಬೇಕಿತ್ತು. 1811ರಲ್ಲಿ ಅಣ್ಣ ಜೋಸೆಫನಿಗೆ ದೊಡ್ಡದೊಂದು ತಲೆಬುರುಡೆ ಸಿಕ್ಕಿತು. ಮರುವರ್ಷ ಉಳಿದ ಎಲುಬುಗಳನ್ನು ಮೇರಿ ಹುಡುಕಿದಳು. ಅದು ಇಕ್ತಿಯೋಸಾರ್ ಎಂಬ ಕಡಲ ಸರೀಸೃಪ. 1823ರಲ್ಲಿ ಉದ್ದ ಕತ್ತಿನ ಪ್ಲೀಸಿಯೋಸಾರ್‌ನ ಪೂರ್ತಿ ಅಸ್ಥಿಪಂಜರವೂ ಅವಳಿಗೇ ಸಿಕ್ಕಿತು.

ಮೊಮ್ಮಗಳಿಗೆ ಈ ಕಥೆ ಕೇಳಿ ಹುರುಪು ಬಂತು. "ಅಜ್ಜಾ, ಒಂದು ಸುತ್ತಿಗೆ ಕೊಡಿಸು, ಬಂಡೆ ಒಡೆಯೋಣ" ಎಂದು ಕಡಿದಾದ ದಂಡೆಯತ್ತ ಓಡಿದಳು. ಕೈ ಹಿಡಿದು ನಿಲ್ಲಿಸಿದೆ. ಆ ದಂಡೆ ಯಾವಾಗ ಕುಸಿಯುತ್ತದೋ ಹೇಳಲಾಗದು. 1833ರಲ್ಲಿ ಹೀಗೇ ಮಣ್ಣು ಕುಸಿದು ಮೇರಿಯ ಪ್ರೀತಿಯ ನಾಯಿ ಟ್ರೇ ಸತ್ತಿತು. ಅವಳು ಪಕ್ಕದಲ್ಲೇ ಇದ್ದಳು, ಸ್ವಲ್ಪದರಲ್ಲಿ ಉಳಿದಳು. ಆದ್ದರಿಂದ ಅಲ್ಲಿಗೆ ಹೋಗುವವರು ಮೂರು ಮಾತು ನೆನಪಿಡಿ: ಉಬ್ಬರವಿಳಿತದ ವೇಳೆ ನೋಡಿಕೊಂಡು, ನೀರು ಇಳಿಯುತ್ತಿರುವಾಗಲೇ ಹೋಗಿ. ದಂಡೆಯಿಂದ ದೂರವಿರಿ. ತೀರದಲ್ಲಿ ಬಿಡಿಯಾಗಿ ಬಿದ್ದಿರುವುದನ್ನು ಮಾತ್ರ ಹೆಕ್ಕಿ.

ಮೇರಿ ಹುಡುಕಿದ್ದರ ಬಗ್ಗೆ ದೊಡ್ಡವರು ಪ್ರಬಂಧ ಬರೆದರು. ಅವಳ ಹೆಸರನ್ನೇ ಬಿಟ್ಟವರು ಎಷ್ಟೋ ಮಂದಿ. ಲಂಡನ್ನಿನ ಭೂವಿಜ್ಞಾನ ಸಂಘ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ. ಮೇರಿ 1847ರಲ್ಲೇ ತೀರಿಕೊಂಡಿದ್ದಳು.

"ಇವಳಿಗೆ ಇಲ್ಲಿ ಒಂದು ಪ್ರತಿಮೆಯೂ ಇಲ್ಲವೇ?" ಹೀಗೆ ಕೇಳಿದವಳು ಇಂಗ್ಲೆಂಡಿನದೇ ಒಬ್ಬ ಶಾಲಾ ಹುಡುಗಿ. ಕೇಳಿ ಸುಮ್ಮನಾಗಲಿಲ್ಲ, ತಾಯಿಯೊಡನೆ ಸೇರಿ ಜನರಿಂದ ಹಣ ಕೂಡಿಸಿದಳು. 2022ರಲ್ಲಿ ಸಮುದ್ರದ ಬಳಿ ಮೇರಿಯ ಪ್ರತಿಮೆ ನಿಂತಿತು. ಜೊತೆಯಲ್ಲಿ ಟ್ರೇ ಕೂಡ ಇದೆ.

ನಮ್ಮ ಮೊಮ್ಮಗಳು ತನ್ನ ಕಲ್ಲನ್ನು ಅಜ್ಜಿಯ ಕೈಗಿಟ್ಟು, "ಊರಿಗೆ ಹೋದಾಗ ಸಾಲಿಗ್ರಾಮದ ಪಕ್ಕ ಇಟ್ಟು ನೋಡು" ಎಂದಳು. ಮಕ್ಕಳೇ, ನಿಮ್ಮ ಅಜ್ಜಿಯ ದೇವರ ಮನೆಯಲ್ಲೂ ಸಾಲಿಗ್ರಾಮವಿದ್ದರೆ ಒಮ್ಮೆ ಕೇಳಿ ನೋಡಿ. ಮುಟ್ಟುವ ಮುಂಚೆ ಕೈ ತೊಳೆದುಕೊಳ್ಳಿ!